ಕೆಮ್ಮಣ್ಣು ಆರದ ಅವರೆ

ಮಡಕೆಯ ಬಾಯಿಗೆ ಮೆತ್ತಿದ್ದ ಸಗಣಿಯನ್ನು ಮರಿಯಪ್ಪ ಕುಡುಗೋಲಿನ ಮೊನೆಯಿಂದ ಕೆತ್ತಿ ತೆಗೆದ. ಮುಚ್ಚಳ ಎತ್ತಿದ್ದೇ ತಡ, ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಮೇಲಿನ ನಾಲ್ಕು ಹಿಡಿ ಬಿಡಿಬಿಡಿಯಾಗಿತ್ತು. ಕೆಳಗೆ ಕೈ ಹಾಕಿದರೆ ಸಿಕ್ಕಿದ್ದು ಹೆಂಟೆ. ಬೆಳಕಿಗೆ ಹಿಡಿದ: ಬಿಳೀ ಬೂಷ್ಟು, ಅದರ ಮೇಲೆ ಹಸಿರು ಪುಡಿ.

ಅದು ಅವನವ್ವ ಹನುಮಕ್ಕನ ಅವರೆಬೀಜ. ಕೆಂಗೇರಿ ಸುತ್ತಮುತ್ತ ಅಂಥ ಸೊಗಡಿನ ಅವರೆ ಬೇರೆ ಹೊಲದಲ್ಲಿ ಇತ್ತು ಅಂದರೆ ಅದು ಅವಳು ಕೊಟ್ಟದ್ದೇ. ಸಂಕ್ರಾಂತಿ ಕಳೆದು ಎಂಟನೇ ದಿನಕ್ಕೆ ಅವಳು ಹೋಗಿಬಿಟ್ಟಳು. ಈಗ ಎಪ್ಪತ್ನಾಲ್ಕನೇ ಇಸವಿಯ ಆಷಾಢ, ರಾಗಿ ಹೊಲದ ಸಾಲಿನಲ್ಲಿ ಅವರೆ ಬೀಳಬೇಕಾದ ಹೊತ್ತು. ಅವ್ವನದು ಅಂತ ಮನೆಯಲ್ಲಿ ಜೀವ ಹಿಡಿದುಕೊಂಡು ಉಳಿದದ್ದು ಈ ಮಡಕೆ ಒಂದೇ.

ಕೆಡಿಸಿದವನು ಅವನೇ. ಬೀಜಕ್ಕೆ ಕೆಮ್ಮಣ್ಣಿನ ರಾಡಿ ಸವರಿ ಅವ್ವ ಮೂರು ಬಿಸಿಲು ಒಣಗಿಸುತ್ತಿದ್ದಳು. ಒಂದು ಕಾಳು ಹಲ್ಲಿಗೆ ಕೊಟ್ಟು, ಕಟಕ್ ಅಂದರೆ ಮಾತ್ರ ಮಡಕೆಗೆ. ಈ ಸಲ ಅವನೇ ಸವರಿ ಹರವಿದ, ಮೊದಲ ದಿನದ ಸಂಜೆಯೇ ನಾಲ್ಕು ಮನೆಯವರು ಮೊರ ಹಿಡಿದು ಬಂದು ನಿಂತರು. "ನಿಮ್ಮವ್ವ ವರ್ಷಾ ವರ್ಷ ಕೊಡೋಳು ಕಣಪ್ಪ." ಹನ್ನೊಂದು ದಿನ ಅವಳು ಜ್ವರದಲ್ಲಿ ಬೇಯುವಾಗ ಇವರು ಹೊಸ್ತಿಲಾಚೆಯಿಂದಲೇ ಮಾತಾಡಿಸಿ ಹೋದವರು. ಬೀಜಕ್ಕೆ ಮಾತ್ರ ಒಳಗೇ ನುಗ್ಗಿದರು!

"ಒಂದು ಕಾಳೂ ಕೊಡಲ್ಲ, ನಡೀರಿ!" ಅಂದ. ಅವರು ಬೀದಿ ದಾಟುವ ಮೊದಲೇ ಎಲ್ಲವನ್ನೂ ಗೋರಿ ಮಡಕೆಗೆ ತುಂಬಿ ಸಗಣಿ ಮೆತ್ತಿದ್ದ. ಹಲ್ಲಿಗೆ ಕೊಟ್ಟು ನೋಡಲಿಲ್ಲ.

ಆ ನಾಲ್ವರಲ್ಲಿ ಪಕ್ಕದ ಮನೆ ಬೋರಮ್ಮನೂ ಇದ್ದಳು. ಜ್ವರದ ಹನ್ನೊಂದು ದಿನವೂ ಗಂಜಿ ತಂದವಳು ಅವಳೊಬ್ಬಳೇ. ಸಿಟ್ಟಿನಲ್ಲಿ ಅವಳ ಮುಖಕ್ಕೂ ಬಾಗಿಲು ಹಾಕಿದ್ದ. ಆಮೇಲೆ ಐದು ತಿಂಗಳು ಮಾತಿಲ್ಲ.

ಈಗ ಹೆಂಟೆ ಹಿಡಿದುಕೊಂಡು ಅವಳ ಬಾಗಿಲಿಗೇ ಹೋದ.

"ದೊಡ್ಡವ್ವಾ."

"ಓಹೋ, ಬೀಜದ ಸಾವ್ಕಾರ! ದಾರಿ ತಪ್ಪಿ ಬಂದ್ಯೇನ್ಲಾ?"

ಅವನು ಕೈ ಚಾಚಿದ. ಬೋರಮ್ಮ ಮೂಸಿ ನೋಡಿದಳು, ನಗು ಹೋಯಿತು.

"ಎಷ್ಟು ಬಿಸಿಲು ಕಾಯಿಸ್ದೆ?"

"ಒಂದು."

"ಒಂದಾ! ಮಣ್ಣು ಮೇಲೆ ಆರಿರ್ತದೆ, ಒಳಗೆ ತೇವ ಹಂಗೇ ಕೂತಿರ್ತದೆ ಕಣ್ಲಾ. ಅದ್ನ ಮುಚ್ಚಿ ಬೆಚ್ಚಗಿಟ್ಟು ಬೂಷ್ಟಿಗೆ ಬಾಣಂತನ ಮಾಡಿದೀಯ."

"ಅವ್ವ ಹಿಂದೆ ಕೊಟ್ಟಿದ್ದು ನಿನ್ನತ್ರ ಒಂದು ಹಿಡೀನಾದ್ರೂ ಇಲ್ವಾ?"

"ನಾವೆಲ್ಲಿ ಬೀಜ ಇಡ್ತಿದ್ವಿ? ಹನುಮಕ್ಕ ಇಡ್ತಾಳೆ ಅಂತ ನಮ್ಮದೆಲ್ಲ ಹಸೀಕಾಯೀಲೇ ತಿಂದು ಮುಗಿಸ್ತಿದ್ವಿ. ಈ ವರ್ಷ ಎಲ್ರೂ ಪ್ಯಾಟೆ ಬೀಜಾನೇ."

ಮರಿಯಪ್ಪ ಕೈಯಲ್ಲಿದ್ದ ಹೆಂಟೆಯನ್ನು ನೋಡಿದ. ಊರಿಗೆಲ್ಲ ಇದ್ದದ್ದು ಇದೊಂದೇ ಮಡಕೆ.

"ಕೆಟ್ಟಿದ್ದನ್ನ ಕೋಳಿಗೂ ಹಾಕಬ್ಯಾಡ, ಸುಟ್ಟಾಕು. ಬಿಡಿಯಾಗಿರೋದ್ನ ತೊಳೆದು ಒದ್ದೆ ಗೋಣೀಲಿ ಸುತ್ತಿಡು. ಮೂರು ದಿನದಲ್ಲಿ ಮೊಳಕೆ ಬಂದ್ರೆ ಬಂತು."

ಮೂರು ದಿನ ಅವನು ಬಿನ್ನಿಪೇಟೆಗೆ ಕೂಲಿಗೆ ಹೋಗಲಿಲ್ಲ. ಗೋಣಿಯ ಪಕ್ಕದಲ್ಲೇ ಕೂತ. ಒಂದು ತುತ್ತು ಬೇಯಿಸಿಕೊಳ್ಳುವುದು, ಗೋಣಿಗೆ ನೀರು ಚಿಮುಕಿಸುವುದು. ಮಾತಾಡಿಸಲು ಹಲ್ಲಿಯೂ ಇರಲಿಲ್ಲ. ಎರಡನೇ ದಿನ ಬಿಚ್ಚಿ ನೋಡಿದರೆ, ಮೇಲೆ ನುಣ್ಣಗೆ ಹೊಳೆಯುತ್ತಿದ್ದ ಕಾಳುಗಳ ಕಣ್ಣಿನಿಂದಲೇ ಬಿಳೀ ಹತ್ತಿಯಂಥ ಬೂಷ್ಟು ಹೊರಟಿತ್ತು. ಪಕ್ಕದ್ದಕ್ಕೆ ತಗುಲದ ಹಾಗೆ ಒಂದೊಂದನ್ನೇ ಎತ್ತಿ ಒಲೆಗೆ ಹಾಕಿದ. ಹಾಕುವಾಗ ತನಗೇ ಬೈದುಕೊಂಡ, ಬಾಯಿಗೆ ಬಂದ ಹಾಗೆ.

ಮೂರನೇ ದಿನ ಒಂಬತ್ತು ಮೊಳೆತಿದ್ದವು. ಇಡೀ ಮಡಕೆಗೆ ಒಂಬತ್ತು.

ಆರನ್ನು ಬಾವಿಯ ಪಕ್ಕ ಗುಂಡಿ ತೋಡಿ ಇಟ್ಟ. ಮೂರನ್ನು ಎಲೆಯಲ್ಲಿ ಸುತ್ತಿ ಬೋರಮ್ಮನಿಗೆ ಕೊಟ್ಟ.

"ನಂಗ್ಯಾಕ್ಲಾ? ಇರೋದೇ ಇಷ್ಟು."

"ನನ್ನಲ್ಲಿ ಹೋದ್ರೆ ನಿನ್ನಲ್ಲಾದ್ರೂ ಇರ್ಲಿ," ಅಂದು ಅವಳ ಮುಖ ನೋಡದೆ ತಿರುಗಿದ.

ಮನೆಗೆ ಬಂದು ಬರಿದಾದ ಮಡಕೆಯ ಬಾಯಿಯನ್ನು ಬಿಸಿಲಿಗೆ ಮಾಡಿ ಇಟ್ಟ. "ಒಂಬತ್ತು ಬಂತು ಕಣವ್ವಾ," ಅಂತ ಒಳಕ್ಕೆ ಕೂಗಿಯೇಬಿಟ್ಟ. ಕೂಗಿದ ಮೇಲೆ ನೆನಪಾಯಿತು. ಒಲೆಯ ಹತ್ತಿರ ಯಾರೂ ಇರಲಿಲ್ಲ.

ಪಕ್ಕದ ಹಿತ್ತಲಿನಲ್ಲಿ ಬೋರಮ್ಮ ಕೋಳಿಗಳಿಗೆ ಬೈಯುತ್ತಿದ್ದಳು, ಆ ಮೂರು ಗುಂಡಿಯ ಹತ್ತಿರ ಬಂದರೆ ಕಾಲು ಮುರೀತೀನಿ ಅಂತ.