ಬಾಗಿಲಿಲ್ಲದ ಮನೆ

"ಗೋಡೆ ಕಟ್ಟೋಕೇ ಬರದೋನು ಮನೆ ಕಟ್ದ! ಕಂಪನಿಯೋರೇ ಕಿತ್ತು ಬಿಸಾಕಿದ್ರಲ್ಲೋ, ಪೆದ್ದ!" ದ್ವೀಪದೂರು ಅಪಿಯಾದ ಗೇಮಿಂಗ್ ಅಂಗಡಿ ತುಂಬ ಜನರಿದ್ದಾಗಲೇ ಮಲಕಿ ಆಡಿಕೊಂಡ.

ಲಫಾಯೆಲೆಯ ಮೈ ಉರಿಯಿತು. ಸಿಡ್ನಿ, ಆಕ್ಲೆಂಡ್ ಎಂದು ಚದುರಿಹೋದ ನೆಂಟರೆಲ್ಲ ಸೇರಲೆಂದು ಅವನು ಆನ್‌ಲೈನ್ ಆಟದ ಲೋಕದಲ್ಲಿ, ಹಳ್ಳಿಯಲ್ಲಿ ಬಿದ್ದುಹೋಗಿದ್ದ ಅಜ್ಜನ ಮನೆಯನ್ನೇ ಕಟ್ಟಿದ್ದ: ದ್ವೀಪದ ಹಳೇ ಮನೆಗಳಂತೆ ಗೋಡೆಯಿಲ್ಲದೆ, ಸುತ್ತ ಕಂಬ, ಮೇಲೆ ಚಾವಣಿ, ಅಷ್ಟೇ. ಇಷ್ಟ ಬಂದದ್ದು ಕಟ್ಟಿಕೊಳ್ಳಿ ಎಂದಿದ್ದ ಆಟದ ಕಂಪನಿ, ಬಾಗಿಲು ಬೀಗವಿಲ್ಲದ್ದು ಮನೆಯೇ ಅಲ್ಲವೆಂದು ಅಳಿಸಿಹಾಕಿತ್ತು.

"ಕಂಪನಿಯೋರ ಹತ್ರಾನೇ ಒಂದು ಬಾಗಿಲು ಕೊಂಡು ಇಟ್ಬಿಡು, ತಮ್ಮಾ. ಮನೆ ವಾಪಸ್ ಕೊಡ್ತಾರೆ," ಎಂದ ಅಂಗಡಿಯವನು.

"ಬಾಗಿಲಿಟ್ರೆ ಅದು ನಮ್ಮಜ್ಜನ ಮನೆ ಹೇಗಾಗುತ್ತಣ್ಣ?"

ಲಫಾಯೆಲೆ ನೆಂಟರಿಗೆಲ್ಲ ಸಂದೇಶ ಬರೆದ: ಕ್ರಿಸ್‌ಮಸ್‌ಗೆ ಹಳ್ಳಿಗೇ ಬನ್ನಿ, ನಾಳೆಯಿಂದ ಅಲ್ಲೇ ಕಂಬ ನೆಡುತ್ತೇನೆ.

"ಅಷ್ಟು ದೂರದಿಂದ ಯಾರು ಬರ್ತಾರೋ ನಿನ್ನ ಗುಡಿಸಲಿಗೆ?" ಮಲಕಿ ಮತ್ತೆ ಕೆಣಕಿದ.

ಲಫಾಯೆಲೆ ಎದ್ದು, ಹಳ್ಳಿಯ ಬಸ್ಸು ಹಿಡಿಯಲು ಹೊರಗೆ ನಡೆದ.