ಸಭೆಗೆ ಬಂದ ಚಿಕ್ಕಮ್ಮ

ಮಗಳಿಗೆ ಬಹುಮಾನ ಬಂದಿದೆ ಎಂದರೆ ಯಾವ ತಾಯಿಯ ಕಾಲು ನೆಲದ ಮೇಲೆ ನಿಂತೀತು? ನಮ್ಮ ಟೈಲರಮ್ಮ ಅರ್ಧ ಹೊಲಿದ ಕೋಟನ್ನು ಮೆಷಿನ್ನಿನ ಮೇಲೆ ಹಾಗೇ ಬಿಟ್ಟು, ಕೊರಳಲ್ಲಿ ನೇತಾಡುತ್ತಿದ್ದ ಅಳತೆ ಟೇಪನ್ನೂ ತೆಗೆಯದೆ ವಿಶ್ವವಿದ್ಯಾಲಯದ ಸಭಾಂಗಣಕ್ಕೆ ಓಡಿಬಂದಿದ್ದಳು. ಮಗಳೇನೂ ಕರೆದಿರಲಿಲ್ಲ. "ಬೋರಾಗುತ್ತೆ ಬಿಡಮ್ಮ, ಬರೀ ಭಾಷಣ" ಎಂದಿದ್ದಳು. ಗಂಡ ಬಸ್ ಡ್ರೈವರು, ಅವನಿಗೆ ಡ್ಯೂಟಿ. ಮನೆಯಿಂದ ಒಬ್ಬರಾದರೂ ಹೋಗಿ ಚಪ್ಪಾಳೆ ಹೊಡೆಯುವುದು ಬೇಡವೇ?

ನಡುವಿನ ಸಾಲಿನಲ್ಲಿ ಕುರ್ಚಿ ಸಿಕ್ಕಿತು. ಪಕ್ಕದಲ್ಲಿ ದಪ್ಪ ಕನ್ನಡಕದ ಹೆಂಗಸು, ಅಲ್ಲಿನ ಲೈಬ್ರರಿಯವರಂತೆ. ಅವರು ಕೇಳದಿದ್ದರೂ ಇವಳೇ ಬಾಯಿಬಿಟ್ಟಳು. "ನಮ್ಮ ಹುಡುಗಿಗೂ ಬಹುಮಾನ ಇದೆ. ಬರೆಯೋದಕ್ಕೆ."

ಬರೆಯುವುದರಲ್ಲೂ ವಿಭಾಗಗಳಿದ್ದವು. ಕಥೆ, ಕವಿತೆ, ಪ್ರಬಂಧ, ಕೊನೆಗೆ ಅನುಭವ ಕಥನ. ಕಥೆಯಲ್ಲಿ ಆಕಾಶಕ್ಕೆ ಏಣಿ ಹಾಕಬಹುದು, ಅನುಭವ ಕಥನದಲ್ಲಿ ಮಾತ್ರ ನಡೆದದ್ದನ್ನೇ ಬರೆಯಬೇಕು. ಹೋದ ವರ್ಷ ಒಬ್ಬ ಹುಡುಗ ಇಲ್ಲದ ಕಾಯಿಲೆ ಬರೆದು ಸಿಕ್ಕಿಬಿದ್ದಿದ್ದ. ಬಹುಮಾನ ಕಿತ್ತುಕೊಂಡು, ಅವನನ್ನೂ ವಿಶ್ವವಿದ್ಯಾಲಯದಿಂದ ಹೊರಗೆ ಹಾಕಿದ್ದರು. ಮಗಳೇ ಊಟ ಮಾಡುತ್ತಾ ಹೇಳಿದ್ದಳು.

ನರೆತ ಗಡ್ಡದ ಪ್ರೊಫೆಸರು ಮೈಕಿನ ಮುಂದೆ ಕಣ್ಣೊರೆಸಿಕೊಂಡರು. "ಅನುಭವ ಕಥನ, ಮೊದಲ ಬಹುಮಾನ. ಹತ್ತನೇ ವಯಸ್ಸಿಗೆ ಹೆತ್ತ ತಾಯಿಯನ್ನ ಕಳಕೊಂಡ ಮಗಳ ಬರಹ ಇದು. ಓದಿದ ರಾತ್ರಿ ನಾನು ನಿದ್ದೆ ಮಾಡಲಿಲ್ಲ."

ಅಯ್ಯೋ ಪಾಪ, ಯಾರ ಮಗುವೋ ಏನೋ ಎಂದು ಟೈಲರಮ್ಮ ಕತ್ತು ಉದ್ದ ಮಾಡಿದಳು. ವೇದಿಕೆ ಹತ್ತಿದ್ದು ಅವಳ ಮಗಳೇ! ಅಮ್ಮ ಹೊಲಿದುಕೊಟ್ಟ ನೀಲಿ ಅಂಗಿ ತೊಟ್ಟು, ತಲೆ ತಗ್ಗಿಸಿಕೊಂಡು ಹತ್ತಿದಳು.

ನಾನು ಸತ್ತೆನೇ? ಯಾವಾಗ? ಬೆಳಿಗ್ಗೆ ತಾನೇ ಇವಳಿಗೆ ತಲೆ ಬಾಚಿ ಕಳಿಸಿದ್ದೇನಲ್ಲ! ತನ್ನ ಕೈಯನ್ನು ತಾನೇ ಚಿವುಟಿ ನೋಡಿಕೊಂಡಳು. ನೋವಾಯಿತು.

"ಪಾಪ, ಈ ಮಗುವಿನ ಮನೆಯಿಂದ ಯಾರೂ ಬಂದಿಲ್ಲ" ಎಂದರು ಪ್ರೊಫೆಸರು.

ಲೈಬ್ರರಿಯಮ್ಮನಿಗೆ ಯಾಕೆ ಬೇಕಿತ್ತೋ ಊರ ಉಸಾಬರಿ! ಎದ್ದು ನಿಂತೇಬಿಟ್ಟರು. "ಸಾರ್, ಇವರು ನೋಡಿ! ಇವರ ಹುಡುಗೀಗೂ ಬಹುಮಾನ ಅಂದ್ರು. ಉಳಿದೋರೆಲ್ಲ ತಗೊಂಡಾಯ್ತು, ಇವಳೇ ಇರಬೇಕು."

ಮೈಕು ಕೈಯಿಂದ ಕೈಗೆ ದಾಟಿ ಬಂತು. ಮಗಳು ಆಗ ತಲೆಯೆತ್ತಿದಳು. ಮುಖದಲ್ಲಿ ತೊಟ್ಟು ರಕ್ತವಿರಲಿಲ್ಲ. ಆ ಮುಖ ನೋಡಿದ ಕೂಡಲೇ ತಾಯಿಗೆ ಎಲ್ಲ ಅರ್ಥವಾಯಿತು. 'ಅಮ್ಮ' ಎಂಬ ಒಂದು ಮಾತು ಬಾಯಿಂದ ಬಿದ್ದರೆ ಹುಡುಗಿಯ ಓದು ಇಲ್ಲಿಗೇ ಮುಗಿಯಿತು.

"ನೀವು ಇವಳಿಗೆ ಏನಾಗಬೇಕಮ್ಮ?" ಎಂದರು ಪ್ರೊಫೆಸರು.

"ಚಿಕ್ಕಮ್ಮ."

ಅವಳ ಮನಸ್ಸಿನಲ್ಲಿದ್ದದ್ದು ತನ್ನ ತಂಗಿ. ಒಂದು ಗಳಿಗೆ ತಂಗಿಯಾದರೆ ಗಂಟೇನು ಹೋಗುತ್ತದೆ ಎಂದುಕೊಂಡಿದ್ದಳು. ಆದರೆ ನಮ್ಮ ಭಾಷೆಯ ಚೇಷ್ಟೆ ನೋಡಿ! ತಾಯಿಯ ತಂಗಿಯೂ ಚಿಕ್ಕಮ್ಮ, ತಾಯಿ ಹೋದಮೇಲೆ ಅಪ್ಪ ಕಟ್ಟಿಕೊಂಡು ಬರುವವಳೂ ಚಿಕ್ಕಮ್ಮ.

"ಓಹೋ, ನೀವೇನಾ ಅವರು" ಎಂದ ಪ್ರೊಫೆಸರರ ದನಿಯಲ್ಲಿ ಈಗ ಕಣ್ಣೀರಿರಲಿಲ್ಲ. "ಒಳ್ಳೇದಾಯ್ತು, ನೀವೂ ಕೇಳಬೇಕಾದದ್ದೇ. ಓದಮ್ಮ."

ಮಗಳು ಓದಿದಳು. ಓದದೆ ಏನು ಮಾಡುತ್ತಾಳೆ?

ಆ ಬರಹದಲ್ಲಿ ಅಪ್ಪ ಎರಡನೇ ಮದುವೆಯಾಗಿದ್ದ. ಒಬ್ಬಳಿಗೇ ಹೆದರಿ ಸಾಯುವ ಆ ಡ್ರೈವರಪ್ಪನಿಗೆ ಇಬ್ಬರಂತೆ! ಜ್ವರ ಬಂದಾಗ ತೊಡೆಯ ಮೇಲೆ ಮಲಗಿಸಿಕೊಂಡದ್ದು, ಹಬೆಯಾಡುವ ಗಂಜಿಯನ್ನು ಊದಿ ಊದಿ ಕುಡಿಸಿದ್ದು ಸತ್ತ ತಾಯಿ. "ಬರೆದ್ರೆ ಯಾರ ಹೊಟ್ಟೆ ತುಂಬುತ್ತೇ?" ಎಂದು ಹಂಗಿಸುವವಳು ಚಿಕ್ಕಮ್ಮ. ಹುಡುಗಿಯ ಕವಿತೆಗಳನ್ನು ಕೋಟಿನ ತೋಳಿನ ಅಳತೆಗೆ ಕತ್ತರಿಸಿ, ನಕ್ಕವಳೂ ಅವಳೇ.

ಕತ್ತರಿಸಿದ್ದು ನಿಜ. ರದ್ದಿ ಕಾಗದ ಎಂದುಕೊಂಡು ಕತ್ತರಿಸಿದ್ದಳು. ನಕ್ಕಿರಲಿಲ್ಲ, ಗೊತ್ತಾದ ಮೇಲೆ ಅಳುತ್ತಾ ಕೂತು ಚೂರುಗಳಿಗೆಲ್ಲ ಅಂಟು ಹಚ್ಚಿದ್ದಳು. ಆ ಅಂಟಿನ ಸುದ್ದಿ ಬರುತ್ತದೆ, ಈಗ ಬರುತ್ತದೆ ಎಂದು ಕಿವಿಯಾನಿಸಿ ಕೂತಳು. ಬರಲೇ ಇಲ್ಲ. ಒಳ್ಳೆಯದೆಲ್ಲ ಸತ್ತವಳ ಪಾಲಾಗಿ, ಬದುಕಿದವಳಿಗೆ ಬರೀ ಕತ್ತರಿ ಉಳಿದಿತ್ತು. ಲೈಬ್ರರಿಯಮ್ಮ ಅವಳ ಕೊರಳಲ್ಲಿದ್ದ ಟೇಪನ್ನೊಮ್ಮೆ ನೋಡಿ ಕುರ್ಚಿಯನ್ನು ಆಚೆ ಸರಿಸಿಕೊಂಡರು.

ಓದು ಮುಗಿಯಿತು. ಪ್ರೊಫೆಸರು ಹುಡುಗಿಯ ತಲೆ ಸವರಿದರು. "ಚಿಕ್ಕಮ್ಮ ಎದುರಿಗೇ ಇದ್ದಾರೆ. ಅವರನ್ನ ಕ್ಷಮಿಸಿದೀಯಾ, ಮಗು?"

ಈಗಲಾದರೂ 'ಅಮ್ಮಾ' ಎಂದು ಕೂಗಿಯಾಳು ಎಂದು ತಾಯಿ ಹೆದರಿದಳು. ಕೂಗಲಿ ಎಂದು ಅವಳಿಗೆ ಆಸೆಯೂ ಆಯಿತು.

ಮಗಳು ಕೈಲಿದ್ದ ಹಾಳೆಗಳನ್ನು ಮಡಚಿದಳು. "ಕ್ಷಮಿಸಿದೀನಿ ಸಾರ್."

ಚಪ್ಪಾಳೆಯೋ ಚಪ್ಪಾಳೆ. ಅದು ನಿಂತಮೇಲೆ ಪ್ರೊಫೆಸರು ಕೈಯೆತ್ತಿದರು. "ಇಂಥ ಮಗಳನ್ನ ಹೆತ್ತ ಆ ಮಹಾತಾಯಿಗಾಗಿ ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸೋಣ."

ಸಭೆಯೆಲ್ಲ ದಡಬಡನೆ ಎದ್ದಿತು. ಕೂತೇ ಇದ್ದವಳು ಇವಳೊಬ್ಬಳು.

"ಏಳ್ರೀ, ಸತ್ತೋರಿಗಾದ್ರೂ ಮರ್ಯಾದೆ ಕೊಡಿ" ಎಂದು ಲೈಬ್ರರಿಯಮ್ಮ ಹಲ್ಲು ಕಚ್ಚಿ ಗದರಿದರು.

ಟೈಲರಮ್ಮ ಮುಂದಿನ ಕುರ್ಚಿಯ ಬೆನ್ನು ಹಿಡಿದು ಎದ್ದಳು, ಕೈ ಕಟ್ಟಿದಳು, ತನ್ನ ಆತ್ಮಕ್ಕೆ ಶಾಂತಿ ಸಿಗಲೆಂದು ಎಲ್ಲರ ಜೊತೆ ತಾನೂ ತಲೆ ತಗ್ಗಿಸಿದಳು.