ಅಣ್ಣ ಇದ್ದರೆ ಅನ್ನ

ಲಾಂಡ್ರಿಯಲ್ಲಿ ಬೆಡ್‌ಶೀಟ್ ಇಸ್ತ್ರಿ ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಒದ್ದೆ ಬಟ್ಟೆಯ ತುದಿಗಳನ್ನು ಇಬ್ಬರು ಹಿಡಿದು, ಸುಕ್ಕು ಬಿಡಿಸಿ, ಕಾದ ರೋಲರಿನ ಬಾಯಿಗೆ ಕೊಡಬೇಕು. ಆಚೆ ಬದಿಯಲ್ಲಿ ಇನ್ನಿಬ್ಬರು ಎಳೆದುಕೊಂಡು ಮಡಚಬೇಕು. ಹೋಟೆಲುಗಳ ಬಟ್ಟೆ ಬೆಳಗ್ಗೆ ಗುಡ್ಡದ ಹಾಗೆ ಬಂದು ಬೀಳುತ್ತಿತ್ತು, ಸಂಜೆಗೆ ವ್ಯಾನ್ ಏರಬೇಕಿತ್ತು. ಹಬೆಗೆ ಉಸಿರು ಕಟ್ಟುತ್ತಿತ್ತು. ಸೋಪಿನ ಪುಡಿಗೆ ಬೆರಳ ಸಂದುಗಳು ಬಿರಿದು, ಕ್ಲಾಸಿನಲ್ಲಿ ಪೆನ್ನು ಹಿಡಿದರೂ ಉರಿ.

ಹೌದು, ಕ್ಲಾಸಿನಲ್ಲಿ. ನಾವೆಲ್ಲ ಕಾಲೇಜಿನವರು. ಲಾಂಡ್ರಿಯ ಧಣಿ ನಮ್ಮ ಕಾಲೇಜಿನ ಗೇಟಿನ ಎದುರಿಗೇ ಬೋರ್ಡು ಹಾಕಿಸಿದ್ದ: ‘ಓದುತ್ತಾ ಗಳಿಸಿ, ಗಳಿಸುತ್ತಾ ಬೆಳೆಯಿರಿ.’ ಬೆಳೆದವನು ಅವನೊಬ್ಬನೇ. ನಾವು ಸೇರುವಾಗ ಹಳೇ ಸ್ಕೂಟರಿನಲ್ಲಿ ಓಡಾಡುತ್ತಿದ್ದವನಿಗೆ ಈಗ ಕಾರು ಬಂದಿತ್ತು.

ಮೊದಲ ದಿನ ನಾನು ‘ಸರ್’ ಅಂದಿದ್ದಕ್ಕೆ ಅವನು ನಾಲಿಗೆ ಕಚ್ಚಿಕೊಂಡ.

“ಸರ್ ಗಿರ್ ಎಲ್ಲ ಕಾಲೇಜಲ್ಲಿ ಇಟ್ಕೋ. ಇಲ್ಲಿ ಅಣ್ಣ ಅನ್ನು. ಅಣ್ಣ ಇದ್ರೆ ಅನ್ನ ಇದ್ದ ಹಾಗೆ.”

ನಕ್ಕೆವು. ಆ ನಗುವೇ ನಮಗೆ ದುಬಾರಿಯಾಯಿತು. ಹೆಚ್ಚು ಹೊತ್ತು ನಿಲ್ಲಿಸಿಕೊಂಡರೆ, “ಅಣ್ಣನಿಗೋಸ್ಕರ ಇಷ್ಟೂ ಮಾಡಲ್ವಾ?” ಅನ್ನುತ್ತಿದ್ದ. ಸಂಬಳ ಜಾಸ್ತಿ ಕೇಳಿದರೆ, “ಅಣ್ಣನ ಹತ್ರಾನೇ ಕೂಲಿ ಲೆಕ್ಕ ಹಾಕ್ತೀರೇನ್ರೋ? ಓದೋ ಮಕ್ಳಿಗೆ ಕೈಖರ್ಚಿಗಾದ್ರೆ ಸಾಕು” ಅನ್ನುತ್ತಿದ್ದ. ಅಣ್ಣ ಅಂತ ಕರೆದ ಬಾಯಲ್ಲಿ ಜಗಳ ಆಡುವುದು ಹೇಗೆ? ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಮ್ಮನ್ನು ಸುಲಿಯುತ್ತಿದ್ದ.

ನನ್ನ ರೂಮಿನವಳೂ ನನ್ನ ಜೊತೆಗೆ ಅಲ್ಲೇ ಇದ್ದಳು. ಬಟ್ಟೆ ಹಿಡಿದೇ ಪಾಠ ಒಪ್ಪಿಸುತ್ತಿದ್ದಳಾದ್ದರಿಂದ ಎಲ್ಲರೂ ಅವಳನ್ನು ಗಿಣಿ ಅನ್ನುತ್ತಿದ್ದರು. ಕಟ್ಟಡದ ನಕ್ಷೆ ಬರೆಯುವುದನ್ನು ಕಲಿಯುತ್ತಿದ್ದಳು. ಅವಳು ಎಳೆದ ಗೆರೆಗೆ ಮೇಷ್ಟ್ರೇ ತಲೆದೂಗುತ್ತಿದ್ದರು. ಅಪ್ಪ ಬೇರೆಯವರ ಲಾರಿ ಓಡಿಸುತ್ತಿದ್ದ, ಅಮ್ಮ ಮನೆಯಲ್ಲಿ ಕೂತು ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಳು.

“ಮನೇಲಿ ಕೇಳಬಾರ್ದಾ?” ಅಂದಿದ್ದೆ ಒಮ್ಮೆ.

“ಕೇಳಿದ್ರೆ ಅಮ್ಮ ಕೊಡ್ತಾಳೆ ಕಣೇ. ಕೊಟ್ಟು, ಒಂದು ಹೊತ್ತಿನ ಊಟ ಬಿಡ್ತಾಳೆ. ಕೇಳೋಕೆ ಬಾಯಿ ಬರಲ್ಲ.”

ರೋಲರಿನ ಬಾಯಿಗೆ ಅಡ್ಡಲಾಗಿ ಒಂದು ಕೆಂಪು ಪಟ್ಟಿ ಇತ್ತು. ಕೈ ತಾಗಿದರೆ ಯಂತ್ರ ಅಲ್ಲೇ ನಿಲ್ಲಲಿ ಅಂತ ಮಾಡಿದ್ದು. ಆದರೆ ದಪ್ಪ ಬಟ್ಟೆ ತಾಗಿದರೂ ನಿಲ್ಲುತ್ತಿತ್ತು. ನಿಂತರೆ ವ್ಯಾನ್ ತಡ. ಒಂದು ದಿನ ಬೆಳಗ್ಗೆ ಅಣ್ಣ ಆ ಪಟ್ಟಿಯನ್ನು ಮೇಲಕ್ಕೆತ್ತಿ ತಂತಿಯಿಂದ ಬಿಗಿದುಬಿಟ್ಟ.

“ಅಣ್ಣಾ, ಅದು ಕೈಗೆ ಕಾವಲು ಅಲ್ವಾ?” ಅಂದ ಕಂಬ. ನಮ್ಮಲ್ಲೆಲ್ಲ ಉದ್ದದ ಹುಡುಗ, ಅದಕ್ಕೇ ಆ ಹೆಸರು.

“ದೇವರು ಕಣ್ಣು ಕೊಟ್ಟಿಲ್ವೇನೋ ನಿಂಗೆ? ನೋಡ್ಕೊಂಡು ಮಾಡು.”

ಆ ಮಧ್ಯಾಹ್ನ ಗಿಣಿ ಒಂದು ತುದಿ, ನಾನು ಒಂದು ತುದಿ ಹಿಡಿದಿದ್ದೆವು. ಮೂಲೆಯೊಂದು ಮಡಚಿಕೊಂಡಿತು. ಬಿಡಿಸಲು ಅವಳು ಕೈ ಚಾಚಿದಳು. ಬಟ್ಟೆಯ ಜೊತೆಗೆ ಕೈಯೂ ಒಳಗೆ ಹೋಯಿತು. ಅವಳು ಕೂಗಿದ್ದು ಒಂದೇ ಸಲ. ಕಂಬ ಹಾರಿ ಗೋಡೆಯ ಸ್ವಿಚ್ಚು ಆರಿಸಿದ. ಹೊರಗೆ ಬಂದ ಬಲಗೈಯನ್ನು ನಾನು ನೋಡಿದೆ. ನೋಡಬಾರದಿತ್ತು.

ಅಣ್ಣ ಕಾರು ತಂದ. ಮೊದಲು ಸೀಟಿನ ಮೇಲೆ ಟವೆಲ್ ಹಾಸಿದ, ಆಮೇಲೆ ಅವಳನ್ನು ಕೂರಿಸಿದ.

ದಾರಿಯಲ್ಲಿ ಹೇಳಿದ: “ಮನೇಲಿ ಇಸ್ತ್ರಿ ಮಾಡ್ತಾ ಸುಟ್ಕೊಂಡ್ಳು ಅನ್ನಿ. ಲಾಂಡ್ರಿ ಹೆಸರು ಎತ್ತಿದ್ರೆ ಬೀಗ ಹಾಕ್ತಾರೆ. ನಿಮ್ಮೆಲ್ರ ಅನ್ನಕ್ಕೂ ಕಲ್ಲು ಬೀಳುತ್ತೆ.”

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೈ ನೋಡುತ್ತಲೇ ಕೇಳಿದರು: “ಇವಳು ನಿಮಗೇನಾಗ್ಬೇಕು?”

“ತಂಗಿ, ಡಾಕ್ಟ್ರೇ. ಮನೇಲಿ ಇಸ್ತ್ರಿ ಮಾಡ್ತಾ...”

“ಯಾವ ಇಸ್ತ್ರಿಪೆಟ್ಟಿಗೇನ್ರೀ ಅದು? ಅಂಗೈ, ಮುಂಗೈ ಎರಡೂ ಬೆಂದಿದೆ.”

ಗಿಣಿ ಕಣ್ಣು ತೆರೆದಳು.

“ಅವರು ನಂಗೆ ಏನೂ ಆಗ್ಬೇಕಿಲ್ಲ ಡಾಕ್ಟ್ರೇ. ಅವರ ಲಾಂಡ್ರೀಲಿ ಕೆಲಸ ಮಾಡ್ತೀನಿ. ರೋಲರಿಗೆ ಕೈ ಸಿಕ್ತು.”

“ಹೌದು, ನಾನು ಪಕ್ಕದಲ್ಲೇ ಇದ್ದೆ,” ಅಂದೆ. ತಿರುಗಿ ನೋಡಿದರೆ ಅಣ್ಣ ಇರಲಿಲ್ಲ. ಕಾರೂ ಇರಲಿಲ್ಲ.

ಡಾಕ್ಟರಮ್ಮ ಮುಚ್ಚುಮರೆ ಮಾಡಲಿಲ್ಲ. “ಬೇಗ ಆಪರೇಷನ್ ಆಗ್ಬೇಕು. ತಡ ಆದ್ರೆ ಈ ಬೆರಳು ಮಡಚೋಕೆ ಬರಲ್ಲ. ಕೆಲಸದಲ್ಲಿ ಆಗಿದ್ದು ಅಂತ ಸಾಬೀತಾದ್ರೆ ಖರ್ಚೆಲ್ಲ ಧಣಿಯದು. ಇಲ್ಲಾಂದ್ರೆ ಮನೆಯವರದು. ಕಾರ್ಮಿಕ ಇಲಾಖೆಗೆ ನಾನು ತಿಳಿಸ್ತೀನಿ.”

ಮನೆಯವರು ಅಂದರೆ ಗುಂಡಿ ಹೊಲಿಯುವ ಅಮ್ಮ. ಆಕೆ ಬಂದು ಮಗಳ ಎಡಗೈ ಹಿಡಿದು ಕೂತಳು. “ಓದೋಕೆ ಅಲ್ವೇನೇ ನಿನ್ನ ಕಳ್ಸಿದ್ದು?” ಅಂದಳು.

ಮರುದಿನ ಬೆಳಗ್ಗೆ ನಾವೆಲ್ಲ ಲಾಂಡ್ರಿಗೆ ಹೋದೆವು. ಕಾರ್ಮಿಕ ಇಲಾಖೆಯ ಅಧಿಕಾರಿ ನಮಗಿಂತ ಮೊದಲೇ ಬಂದಿದ್ದ, ಕೈಯಲ್ಲಿ ಕಾಫಿ ಲೋಟ. ರೋಲರ್ ಕಡೆ ನೋಡಿದೆ. ತಂತಿ ಮಾಯ. ಕೆಂಪು ಪಟ್ಟಿ ಒರೆಸಿಕೊಂಡು, ಇಳಿದು, ತನ್ನ ಜಾಗದಲ್ಲಿ ಕೂತಿತ್ತು. ನನ್ನ ಮೈಯೆಲ್ಲ ಉರಿದುಹೋಯಿತು. ಒಂದು ತಂತಿ ಬಿಚ್ಚಲು ಎಷ್ಟು ಹೊತ್ತು ಬೇಕು? ಅಷ್ಟು ಸಣ್ಣ ಕೆಲಸವನ್ನು ಆ ಹಾಳಾದವನು ಒಂದು ದಿನ ಮೊದಲು ಮಾಡಲಿಲ್ಲ.

ಧಣಿ ಅವನ ಪಕ್ಕದಲ್ಲೇ ನಿಂತಿದ್ದ. “ನೋಡಿ ಸರ್, ಎಲ್ಲಾ ಸರಿ ಇದೆ. ಇವರು ಕೆಲಸದವರೇ ಅಲ್ಲ. ಓದೋ ಮಕ್ಳು. ಬಿಡುವಿದ್ದಾಗ ಬಂದು ಅಣ್ಣನಿಗೆ ಅಂತ ಕೈ ಜೋಡಿಸ್ತಾರೆ. ಆ ಹುಡುಗೀನೂ ಅಷ್ಟೇ, ಸುಮ್ನೆ ಬಂದಿದ್ಳು.”

“ಓ, ಸ್ಟೂಡೆಂಟ್ಸಾ?” ಅಧಿಕಾರಿ ಪೆನ್ನಿಗೆ ಮುಚ್ಚಳ ಹಾಕಿದ. “ಹಾಗಾದ್ರೆ ಕಾರ್ಮಿಕರ ಲೆಕ್ಕಕ್ಕೆ ಬರಲ್ಲ ಬಿಡಿ. ಏನಮ್ಮಾ, ಪರೀಕ್ಷೆ ಹತ್ರ ಬಂತಲ್ಲ, ಓದ್ಕೊಳ್ಳೋದು ಬಿಟ್ಟು ಇದೆಲ್ಲ ಯಾಕೆ?”

ಬೆವರು ಸುರಿಸುವಾಗ ನಾವು ಆಳುಗಳು. ಕೈ ಬೆಂದಾಗ ಮಾತ್ರ ವಿದ್ಯಾರ್ಥಿಗಳು!

ಹೊರಗೆ ಹೋಟೆಲಿನ ವ್ಯಾನ್ ಹಾರನ್ ಬಾರಿಸಿತು. ಹಿಂದಿನ ಸಂಜೆಯೇ ಹೋಗಬೇಕಿದ್ದ ಬಟ್ಟೆ ಹಾಗೇ ಬಿದ್ದಿತ್ತು.

“ಶುರು ಮಾಡ್ರೋ,” ಅಂದ ಧಣಿ. ಯಾರೂ ಕದಲಲಿಲ್ಲ. ತಾನೇ ಒಂದು ಬೆಡ್‌ಶೀಟ್ ಎತ್ತಿ ತುದಿ ಹಿಡಿದ. “ಬಾರೋ ಕಂಬ, ಹಿಡಿ.”

ಕಂಬ ಕೈ ಹಿಂದೆ ಕಟ್ಟಿಕೊಂಡ. “ನಾವು ಕೆಲಸದವರಲ್ವಲ್ಲ?”

“ಏನು, ಎಲ್ರೂ ಸೇರ್ಕೊಂಡು ಅಣ್ಣನ ಹೊಟ್ಟೆ ಮೇಲೆ ಹೊಡೀತೀರಾ?”

“ನಮಗೆ ಅಣ್ಣ ಗಿಣ್ಣ ಯಾರೂ ಇಲ್ಲ ಇಲ್ಲಿ,” ಅಂದೆ. “ಗಿಣಿ ಇಲ್ಲಿ ಏನಾಗಿದ್ಳು? ಈ ಸಾಹೇಬ್ರ ಎದುರಿಗೇ ಹೇಳಿ. ಆಮೇಲೆ ಬೆಡ್‌ಶೀಟ್ ವಿಷಯ.”

ಅವನು ಒಬ್ಬೊಬ್ಬರ ಮುಖ ನೋಡಿದ. ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳ ಕಡೆಗೂ ಬಟ್ಟೆ ಚಾಚಿದ. ಅವಳೂ ಹಿಂದೆ ಸರಿದಳು. ಒದ್ದೆ ಬಟ್ಟೆಯ ಇನ್ನೊಂದು ತುದಿ ನೆಲದ ಕೊಳೆಯಲ್ಲಿ ಎಳೆದಾಡುತ್ತಿತ್ತು. ವ್ಯಾನಿನವನು ಹಾರನ್ ಮೇಲಿಂದ ಕೈಯನ್ನೇ ತೆಗೆಯಲಿಲ್ಲ.

“ಕೆಲಸದವಳು ಕಣ್ರೋ!” ಅವನು ಕಿರುಚಿದ. “ನನ್ನ ಹತ್ರ ಕೂಲಿಗಿದ್ಳು! ಸಾಕಾ? ಹಿಡೀರಿ ಈಗ!”

ಯಾರೂ ಹಿಡಿಯಲಿಲ್ಲ. ನಾನು ಅಧಿಕಾರಿಯ ಕೈಯಿಂದ ಕಾಫಿ ಲೋಟ ತೆಗೆದು ಪಕ್ಕಕ್ಕಿಟ್ಟೆ.

“ಬರ್ಕೊಳ್ಳಿ ಸರ್,” ಅಂದೆ.